ಕುರಿತೋದದೆಯುಂ ವಿಮರ್ಶೆ

ಪುಸ್ತಕ ವಿಮರ್ಶೆಗೆಂದೇ ಒಂದು ಪತ್ರಿಕೆ ತರಬೇಕೆಂದು ನಾವು ಮೂವರು ತೀರ್ಮಾನಿಸಿದ್ದು ಕೊಪ್ಪಳದಲ್ಲಿ, ಮಿರ್ಚಿ ಭಜಿಯ ತಟ್ಟೆಯ ಮುಂದೆ. ದೊಡ್ಡ ಪ್ರಕಾಶನಗಳ ಪುಸ್ತಕಗಳನ್ನು ವಿಚಾರಿಸಿಕೊಳ್ಳಲು ಬೆಂಗಳೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಮನೆಯ ಕಾಂಪೌಂಡಿಗೆ ಪ್ರಕಾಶನದ ಬೋರ್ಡು ತೂಗುಹಾಕಿ, ಹೆಂಡತಿಯ ಹೆಸರಿನಲ್ಲಿ ಪುಸ್ತಕ ತರುವವರನ್ನು ಕೇಳುವವರಿಲ್ಲ. ಅಂಥವನ್ನು ಓದಿ, ಇದ್ದದ್ದನ್ನು ಇದ್ದಂತೆ ಬರೆಯುವುದು. ವರ್ಷಕ್ಕೆ ನಾಲ್ಕು ಸಂಚಿಕೆ, ಜಾಹೀರಾತು ಬೇಡ, ಜೇಬಿನ ದುಡ್ಡೇ ಬಂಡವಾಳ. ಇದರಲ್ಲಿ ನಮಗೆ ಯಾವ ತಪ್ಪೂ ಕಾಣಲಿಲ್ಲ. ಭಜಿ ಬಿಸಿಯಾಗಿತ್ತು.

ತೊಡಕು ಸರ್ಕಾರದಿಂದ ಬರುತ್ತದೆ ಎಂದುಕೊಂಡಿದ್ದೆವು. ಪತ್ರಿಕೆಗಳ ನೋಂದಣಿಯ 1867ರ ಕಾಯ್ದೆ ಹೋಗಿ, 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಜಿಲ್ಲಾ ದಂಡಾಧಿಕಾರಿಯ ಮುಂದೆ ನಿಂತು ಘೋಷಣೆ ಮಾಡುವ ಕಾಲ ಮುಗಿಯಿತು, ಅರ್ಜಿಯೆಲ್ಲ ಆನ್‌ಲೈನ್. ತೊಡಕು ಬಂದದ್ದು ಹೆಸರಿನಿಂದ. ‘ಒರೆಗಲ್ಲು’ ಎಂದೆವು. ‘ನನ್ನನ್ನು ತಿಕ್ಕಿ ನೋಡಲು ನೀವು ಯಾರು?’ ಎಂದು ಹಿರಿಯ ಕವಿಯೊಬ್ಬರು ಮನೆಯವರೆಗೂ ಬಂದು ಕೇಳಿದರು. ‘ಜರಡಿ’ ಎಂದೆವು. ಕೆಳಗೆ ಬೀಳುವವರ ಪಟ್ಟಿಯನ್ನು ಮೊದಲೇ ತೋರಿಸಬೇಕೆಂದು ಕಾದಂಬರಿಕಾರರೊಬ್ಬರು ಹಟ ಹಿಡಿದರು. ಕೊನೆಗೆ ಎಲ್ಲರೂ ಒಪ್ಪಿದ ಹೆಸರು ‘ಅಭಿನಂದನೆ’. ಅದನ್ನು ನಾವು ಮೂವರು ಒಪ್ಪಲಿಲ್ಲವಾಗಿ ಅರ್ಜಿ ಹಾಗೆಯೇ ಉಳಿದಿದೆ.

ಅವರದೂ ತಪ್ಪಲ್ಲ. ಓದುಗನೊಬ್ಬ ಅಡ್ಡ ಬರದೆ ಪುಸ್ತಕ ಹುಟ್ಟಿ, ಬೆಳೆದು, ಸದ್ಗತಿ ಹೊಂದುವ ವ್ಯವಸ್ಥೆ ನಮ್ಮಲ್ಲಿ ಅಚ್ಚುಕಟ್ಟಾಗಿದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಹೋಗುತ್ತದೆ. ಗ್ರಂಥಾಲಯ ಇಲಾಖೆ ತಾನು ಆಯ್ದ ಪುಸ್ತಕದ 300 ಪ್ರತಿ ಕೊಳ್ಳುತ್ತದೆ. ಬೆಲೆ ಪುಟದ ಲೆಕ್ಕದಲ್ಲಿ. ಪುಟಕ್ಕೆ ಬೆಲೆ ಎಂದ ಮೇಲೆ ಎಂಟು ಸಾಲಿನ ಕವಿತೆಯ ಎದುರು ಒಂದು ಪುಟ ಖಾಲಿ ಬಿಡಲೇಬೇಕು. ಕಾವ್ಯದಲ್ಲಿ ಮೌನಕ್ಕೂ ಜಾಗವಿರಬೇಕು ಎನ್ನುವುದು ಇದಕ್ಕೇ. ಇನ್ನು 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನ ಮುಗಿದು, 88ನೆಯದು ಬಳ್ಳಾರಿಗೆ ಎಂದು ಸಾರಿದ್ದೇ ತಡ, ಸುತ್ತಲಿನ ಜಿಲ್ಲೆಗಳಲ್ಲಿ ಕವನ ಸಂಕಲನಗಳು ಮುಂಗಾರಿನ ಹೆಸರು ಬೆಳೆಯಂತೆ ಎದ್ದು ನಿಂತವು. ಅದೇ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ರಿಯಾಯಿತಿ ದರದ ಬುಕ್ ಪೋಸ್ಟ್ ನಿಲ್ಲಿಸಿತು. ಕವಿಗಳು ಎದೆಗುಂದಲಿಲ್ಲ, ಬಸ್ಸು ಹತ್ತಿ ಪುಸ್ತಕದ ಜೊತೆ ತಾವೇ ಬರತೊಡಗಿದರು.

ಕನ್ನಡದ ತಿರುಳು ಎಲ್ಲಿದೆ ಎಂದು ಎಲ್ಲೆ ಗುರುತಿಸುವಾಗ ಕವಿರಾಜಮಾರ್ಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ನಮ್ಮ ಕೊಪಣನಗರವನ್ನೂ, ಅಂದರೆ ಈ ಕೊಪ್ಪಳವನ್ನೂ, ಹೆಸರಿಸಿದೆ. ಇಲ್ಲಿಯ ಜನ ‘ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’ ಎಂದ ಕೃತಿಯೂ ಅದೇ. ಒಂಬತ್ತನೆಯ ಶತಮಾನದ ಮಾತು. ಓದದೆ ಕಾವ್ಯ ಕಟ್ಟುತ್ತಿದ್ದವರ ಮಕ್ಕಳು ಓದದೆ ಮುನ್ನುಡಿ, ಬೆನ್ನುಡಿ, ವಿಮರ್ಶೆಗಳವರೆಗೂ ಬಂದಿದ್ದಾರೆ. ಇದಕ್ಕೆ ಪ್ರಗತಿ ಎನ್ನದೆ ಏನೆನ್ನಬೇಕು?

ಮೊನ್ನೆ ಅಂಥವರೊಬ್ಬರು ಮನೆಗೆ ಬಂದರು. ಕೈಚೀಲದಿಂದ ಒಂದು ಶಾಲು, ಒಂದು ಸಂಕಲನ ಮತ್ತು ನಾಲ್ಕು ಹಾಳೆ ಹೊರಬಂದವು. ಸಂಕಲನ 112 ಪುಟ. ಹಾಳೆಗಳಲ್ಲಿ ಅದರ ವಿಮರ್ಶೆ, ಟೈಪು ಮಾಡಿ ಸಿದ್ಧ. ಕೆಳಗೆ ನನ್ನ ಹೆಸರು.

‘ನಿಮಗೆ ತೊಂದರೆ ಬೇಡವೆಂದು ನಾನೇ ಬರೆದು ತಂದೆ ಸರ್. ಸಹಿ ಒಂದು ಹಾಕಿದರೆ ಸಾಕು. ಪ್ರಶಸ್ತಿಯ ಅರ್ಜಿಗೆ ಲಗತ್ತಿಸಬೇಕು.’

ಓದಿ ನೋಡುತ್ತೇನೆ ಎಂದೆ.

‘ಓದಲು ಕುಳಿತರೆ ತಡವಾಗುತ್ತದಲ್ಲ ಸರ್. ಅದಲ್ಲದೆ ನಾವು ಹಿಂದುಳಿದ ಭಾಗದವರು. ನೌಕರಿಗೆ ಸಂವಿಧಾನದ 371 (ಜೆ) ಮೀಸಲಾತಿ ಇದೆ, ವಿಮರ್ಶೆಯಲ್ಲೂ ಸ್ವಲ್ಪ ಸಡಿಲಿಕೆ ಬೇಡವೇ?’

ಅವರು ಚಹಾ ಕುಡಿಯುತ್ತಿದ್ದಾಗ ನಾನು ಪುಟ ತಿರುವಿದೆ. ಶುಭನುಡಿ, ಮುನ್ನುಡಿ, ಮೆಚ್ಚುನುಡಿ, ಕವಿಯ ಮಾತು, ಕೃತಜ್ಞತೆಗಳನ್ನು ದಾಟಿ ಮೊದಲ ಕವಿತೆಗೆ ಬರುವಾಗ ಪುಟ 25. ಪುಟ 32 ಆದ ಮೇಲೆ ಮತ್ತೆ 17 ಬಂತು. ಹದಿನಾರು ಪುಟಗಳ ಒಂದು ಫಾರಂ ಎರಡು ಸಲ ಬೈಂಡಾಗಿ ಕುಳಿತಿತ್ತು. 33ರಿಂದ 48ರವರೆಗಿನ ಫಾರಂ ಇರಲೇ ಇಲ್ಲ. ಸಿದ್ಧ ವಿಮರ್ಶೆಯಲ್ಲಿ 41ನೆಯ ಪುಟದ ಕವಿತೆಯನ್ನು ‘ಸಂಕಲನದ ಕಿರೀಟ’ ಎಂದು ಕೊಂಡಾಡಲಾಗಿತ್ತು.

ಒಂದು ಪ್ರತಿಯಲ್ಲಿ ಹೀಗಾಗಿರಬಹುದೆಂದು ಚೀಲದಲ್ಲಿದ್ದ ಇನ್ನೂ ಮೂರನ್ನು ತೆಗೆಸಿದೆ. ಮೂರರಲ್ಲೂ ಅದೇ 32, ಅದೇ 17. ಬಿಡುಗಡೆಯಾಗಿ ಎಂಟು ತಿಂಗಳಾಗಿತ್ತು. ವೇದಿಕೆಯ ಮೇಲೆ ಐವರು ಮಾತನಾಡಿದ್ದರು, ಏಳು ಕಡೆ ವಿಮರ್ಶೆ ಬಂದಿತ್ತು. ಒಬ್ಬರು ‘ಒಂದು ಪದವನ್ನೂ ಕಳೆಯಲಾಗದ ಬಿಗಿಯಾದ ಬಂಧ’ ಎಂದು ಬರೆದಿದ್ದರಂತೆ. ನಮ್ಮ ಕಿನ್ನಾಳದ ಬೊಂಬೆಗೆ ಬಣ್ಣ ಹಚ್ಚುವವರೂ ಮೊದಲು ಬೊಂಬೆಗೆ ಕೈಕಾಲು ಸರಿಯಿದೆಯೇ ಎಂದು ನೋಡಿಕೊಳ್ಳುತ್ತಾರೆ.

ಬೆರಳಿಟ್ಟು ತೋರಿಸಿದೆ. ಅವರು ಚಹಾದ ಕಪ್ಪು ಕೆಳಗಿಟ್ಟರು. ಪುಟಗಳ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

‘ಹಾಗಾದರೆ ನೀವು ಓದಿಬಿಟ್ಟಿರಾ ಸರ್?’ ಎಂದು ತಗ್ಗಿದ ದನಿಯಲ್ಲಿ ಕೇಳಿ, ಶಾಲನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.