ಗೊತ್ತಿದ್ದೂ ಯಾಕೆ ಮಾಡ್ತೀಯಾ?

ಹೊಸಿಲು ದಾಟುವಾಗ ಕೆಟ್ಟ ಯೋಚನೆ ಬಂತು ಅಂದ್ರೆ ನಮ್ಮ ದೊಡ್ಡಮ್ಮನಿಗೆ ಅಲ್ಲಿಗೆ ಮುಗೀತು. ವಾಪಸ್ ಒಳಗೆ ಹೋಗಿ, ಮಗನ ನಗುಮುಖ ನೆನೆಸಿಕೊಂಡು, ಮತ್ತೆ ದಾಟಬೇಕು. ಇಲ್ಲದಿದ್ದರೆ ಅವನ ಬೈಕಿಗೆ ಲಾರಿ ಗುದ್ದುತ್ತೆ. ಅರ್ಧ ದಾಟಿದಾಗ ಮತ್ತೆ ಲಾರಿ ನೆನಪಾದರೆ ಮತ್ತೆ ವಾಪಸ್. ಒಂದು ಸಲ ನಾನೇ ಎಣಿಸಿದ್ದೆ, 14 ಸಲ. ಹೊರಗೆ ಆಟೋದವನು ಹಾರ್ನ್ ಹೊಡೀತಾನೇ ಇದ್ದ.

ಮಧ್ಯಾಹ್ನ ಹುರುಳಿಕಾಯಿ ನಾರು ತೆಗೆಯುತ್ತಾ ಅವರೇ ನಗುತ್ತಿದ್ದರು. "ನನ್ನ ಹೊಸಿಲಿಗೂ ಆ ಲಾರಿಗೂ ಎಲ್ಲಿಯ ಸಂಬಂಧ, ಅಷ್ಟೂ ಗೊತ್ತಾಗಲ್ವಾ ನಂಗೆ?" ಅದೇ ದೊಡ್ಡಮ್ಮ, ರಾತ್ರಿ ಹತ್ತಾದರೂ ಮಗ ಬರದಿದ್ದರೆ, ಬೆಳಿಗ್ಗೆ ತಾನು ಸರಿಯಾಗಿ ದಾಟಲಿಲ್ಲ, ಅದಕ್ಕೇ ಏನೋ ಆಗಿದೆ ಅಂತ ಕೂತು ಅಳುತ್ತಿದ್ದರು. ನಾಟಕ ಅಂದವರಿದ್ದಾರೆ. ನಾನೂ ಅಂದಿದ್ದೀನಿ.

ಗೀಳು ಕಾಯಿಲೆ, ಅದೇ ಒಸಿಡಿ, ಅಂದ್ರೆ ಬರೀ ಕೈ ತೊಳೆಯೋದು ಅಂದುಕೊಂಡಿದ್ದೆವು. ಯೋಚನೆ ಬಂದರೆ ಸಾಕು, ಅದು ನಡೆದೇ ಬಿಡುತ್ತೆ ಅನ್ನೋ ನಂಬಿಕೆಯೂ ಅದರದ್ದೇ ಆಟ. ನಾವೂ "ಬಿಡ್ತು ಅನ್ನು" ಅಂತೀವಲ್ವಾ? ಒಂದು ಸಲ ಅಂದರೆ ನಮಗೆ ಸಾಕು. ಅವರಿಗೆ ಸಾಕಾಗಲ್ಲ.

ಮೊದಲು ತೋರಿಸಿದ ಡಾಕ್ಟರು ಐದು ನಿಮಿಷ ಕೇಳಿ, ಇಷ್ಟು ಗಟ್ಟಿಯಾಗಿ ನಂಬಿದ್ದಾರೆ ಅಂದ್ರೆ ಇದು ಗೀಳಲ್ಲ, ಭ್ರಮೆಯ ಕಾಯಿಲೆ ಅಂದುಬಿಟ್ಟರು. ಈಗಲೂ ಸಿಟ್ಟು ಬರುತ್ತೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5 ಬಂದಿದ್ದು 2013ರಲ್ಲಿ. ಅದರ ಪ್ರಕಾರ, ಇದು ನಿಜವಲ್ಲ ಅಂತ ಗೊತ್ತಿರುವವರು, ಬಹುಶಃ ನಿಜವೇ ಅನ್ನುವವರು, ಖಂಡಿತ ನಿಜ ಅಂತ ನಂಬಿದವರು, ಈ ಮೂರೂ ತರದವರಿಗೆ ಇರೋದು ಗೀಳು ಕಾಯಿಲೆಯೇ ಆಗಿರಬಹುದು. ನಮ್ಮ ದೊಡ್ಡಮ್ಮ ಒಂದೇ ದಿನದಲ್ಲಿ ಮೂರೂ ಆಗುತ್ತಿದ್ದರು.

ಹಾಗಾಗಿ "ಗೊತ್ತಿದ್ದೂ ಯಾಕೆ ಮಾಡ್ತೀಯಾ" ಅನ್ನೋದು ದಡ್ಡ ಪ್ರಶ್ನೆ. ಭಯ ಜಾಸ್ತಿಯಾದಾಗ ಆ ಗೊತ್ತಿರೋದು ಕೈಗೇ ಸಿಗಲ್ಲ. ವಾದ ಮಾಡಿ ಗೆಲ್ಲೋಕೂ ಆಗಲ್ಲ. ಮಗ ಪಾಪ ದಿನಕ್ಕೆ ಐದು ಸಲ ಫೋನ್ ಮಾಡಿ "ತಲುಪಿದೆ ಅಮ್ಮಾ" ಅಂತಿದ್ದ, ಆ ಸಮಾಧಾನ ಹತ್ತು ನಿಮಿಷಕ್ಕೆ ಖಾಲಿ, ಆಮೇಲೆ ಇನ್ನೊಂದು ಫೋನ್ ಬೇಕು.

ಎರಡನೇ ಕಡೆ ಮಾತ್ರೆ ಕೊಟ್ಟರು, ಜೊತೆಗೆ ಥೆರಪಿ. ಲಾರಿ ಗುದ್ದಲ್ಲ ಅಂತ ಯಾರೂ ಭರವಸೆ ಕೊಡಲಿಲ್ಲ. ದಾಟಿ, ಯೋಚನೆ ಬಂದರೆ ಬರಲಿ, ವಾಪಸ್ ಮಾತ್ರ ಬರಬೇಡಿ ಅಂದರು. ಮೊದಲ ದಿನ ಗೇಟು ಹಿಡಕೊಂಡು ಬೆವರುತ್ತಾ ನಿಂತಿದ್ದರು.

ಹೋದ ವಾರ ಹೊರಟವರು ಮತ್ತೆ ಒಳಗೆ ಬಂದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. "ಏನ್ರೋ ನೋಡ್ತೀರಾ, ಕೊಡೆ ಮರೆತೆ" ಅಂತ ರೇಗಿದರು. ಕೊಡೆಗೇ ಬಂದಿದ್ದರಾ? ನಾನು ಕೇಳಲಿಲ್ಲ.