ಗ್ರೀನ್‌ಲ್ಯಾಂಡ್ ಹಿಮ ಹತ್ತು ವರ್ಷದಲ್ಲಿ ಖಾಲಿಯಾಗುತ್ತಾ?

ಗ್ರೀನ್‌ಲ್ಯಾಂಡ್‌ನ ಹಿಮವೆಲ್ಲ ಹತ್ತೇ ವರ್ಷದಲ್ಲಿ ಕರಗಿ ಸಮುದ್ರ 7 ಮೀಟರ್ ಏರುತ್ತದೆ ಅನ್ನೋ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. 7 ಮೀಟರ್ ಲೆಕ್ಕ ಹೆಚ್ಚೂಕಮ್ಮಿ ಸರಿ. ಹತ್ತು ವರ್ಷ ಅನ್ನೋದು ತಪ್ಪು. ಅಷ್ಟೂ ಹಿಮ ಕರಗಲು ಸಾವಿರಾರು ವರ್ಷ ಬೇಕು. ಬಿಸಿ ತೀರಾ ಜಾಸ್ತಿಯಾದರೂ ಸಾವಿರ ವರ್ಷದ ಆಸುಪಾಸು.

ಹಾಗಂತ ಸುಮ್ನೆ ಕೂರಬಹುದಾ? ಇಲ್ಲ. 'ಟಿಪ್ಪಿಂಗ್ ಪಾಯಿಂಟ್' ಅಂದರೆ ಹಿಮ ಕರಗಿ ಮುಗಿಯುವ ದಿನ ಅಲ್ಲ, ಕರಗುವುದು ನಮ್ಮ ಕೈಮೀರುವ ಹಂತ. ಆಗುಂಬೆ ಘಾಟಿ ಇಳಿದು ಸೋಮೇಶ್ವರಕ್ಕೆ ಬಂದರೆ ಸೆಕೆ ಶುರುವಾಗುತ್ತದೆ, ಅಲ್ವಾ? ಅಲ್ಲೂ ಅದೇ ಕಥೆ. ಆ ಹಿಮದ ರಾಶಿ ಕೆಲವು ಕಡೆ 3 ಕಿಲೋಮೀಟರ್ ದಪ್ಪ ಇದೆ. ಕರಗಿ ತಗ್ಗಿದಷ್ಟೂ ಅದರ ನೆತ್ತಿ ಕೆಳಗಿನ ಬೆಚ್ಚನೆ ಗಾಳಿಗೆ ಸಿಗುತ್ತದೆ. ಆಗ ಇನ್ನೂ ಜಾಸ್ತಿ ಕರಗುತ್ತದೆ. ಒಮ್ಮೆ ಈ ಓಟ ಹಿಡಿದರೆ, ಆಮೇಲೆ ಬಿಸಿ ಸ್ವಲ್ಪ ಇಳಿದರೂ ನಿಲ್ಲುವುದಿಲ್ಲ.

ಕೈಗಾರಿಕೆಗಳು ಬರುವ ಮುಂಚಿನ ಕಾಲಕ್ಕಿಂತ ಭೂಮಿಯ ಸರಾಸರಿ ಬಿಸಿ 1.5 ಡಿಗ್ರಿ ಸೆಲ್ಸಿಯಸ್ ಏರುವ ಹತ್ತಿರ ಆ ಹಂತ ಇರಬಹುದು ಎಂದು 2022ರ ಒಂದು ಅಂದಾಜು. 0.8 ಡಿಗ್ರಿಗೇ ಬರಬಹುದು, 3 ಡಿಗ್ರಿವರೆಗೂ ಬಾರದೇ ಇರಬಹುದು. 2024ರಲ್ಲಿ ಏರಿಕೆ ಸುಮಾರು 1.55 ಮುಟ್ಟಿತು. ಅದಕ್ಕೇ 'ಎಲ್ಲ ಮುಗೀತು' ಅನ್ನೋರೂ ಇದ್ದಾರೆ. ಅದೂ ತಪ್ಪೇ. ಈ ಏರಿಕೆಯನ್ನು ಒಂದು ವರ್ಷದಲ್ಲಲ್ಲ, ಇಪ್ಪತ್ತು ವರ್ಷದ ಸರಾಸರಿಯಲ್ಲಿ ಅಳೆಯುತ್ತಾರೆ.