ತೊಡೆ ಮುರಿದವ ಮರ ಹತ್ತಿದ್ದು

ಅಡಿಕೆ ಸುಲಿಯುವವರ ಕೈಗೆ ಟ್ಯಾಬ್ಲೆಟ್ ಕೊಡುವಂತಿಲ್ಲ. ಹಸಿ ಅಡಿಕೆಯ ಚೊಗರು ಬೆರಳಿಗೆ ಹತ್ತಿತೆಂದರೆ ಸುಗ್ಗಿ ಮುಗಿದರೂ ಬಿಡುವುದಿಲ್ಲ. ಇನ್ನು ಗಾಜಿಗೆ ಹತ್ತಿದರೆ ಕೇಳುವುದೇ ಬೇಡ. ಹಾಗಾಗಿ ಹೊಸನಗರದಾಚೆಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ಅದನ್ನು ಚಪ್ಪರದಡಿ ಸ್ಟೂಲಿನ ಮೇಲೆ ಒರಗಿಸಿ, ಸಂಜೆ ಒಮ್ಮೆ ಒತ್ತಿ ಬಿಡುತ್ತಾರೆ. ಸುತ್ತ ಮೆಟ್ಟುಕತ್ತಿ ಇಟ್ಟುಕೊಂಡು ಕೂತವರು ಏಳುವ ತನಕ ಅದರಲ್ಲಿ ವಿಡಿಯೊ ಒಂದಾದ ಮೇಲೊಂದು ತಾನೇ ಓಡಬೇಕು. ಅಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಆದ್ದರಿಂದ ಶಿವಮೊಗ್ಗದಲ್ಲೇ ಎಲ್ಲ ಇಳಿಸಿ, ಮೆಮೊರಿ ಕಾರ್ಡಿಗೆ ತುಂಬಿ, ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುವುದು ನನ್ನ ಪಾಲಿಗೆ ಬಂದ ಸೇವೆ.

ಈ ಸಲ ಕಳಿಸಬೇಕಿದ್ದದ್ದು ಟಿವಿಯಲ್ಲಿ ಬಂದ ಮಹಾಭಾರತದ ಯಕ್ಷಗಾನ, 18 ಕಂತು. ಎಲ್ಲವೂ ಎಂಕೆವಿ ಫೈಲು. ದೊಡ್ಡಮ್ಮನ ಟ್ಯಾಬ್ಲೆಟ್ಟಿಗೆ ಎಂಪಿ4 ಬಿಟ್ಟರೆ ಬೇರೆ ಇಳಿಯುವುದಿಲ್ಲ.

"ಅದೆಂತ ಚಿಕ್ಕಪ್ಪ, ನಾನು ಕನ್ವರ್ಟ್ ಮಾಡಿ ಕೊಡ್ತೀನಿ," ಎಂದ ಅಣ್ಣನ ಮಗ. ಇಂಜಿನಿಯರಿಂಗ್ ಓದುವ ಹುಡುಗ. ಯಾವುದೋ ಪುಕ್ಕಟೆ ಸಾಫ್ಟ್‌ವೇರಿನಲ್ಲಿ 'ಟ್ಯಾಬ್ಲೆಟ್' ಅಂತ ಇದ್ದದ್ದನ್ನು ಆರಿಸಿ, ಬಟನ್ ಒತ್ತಿ ಕ್ರಿಕೆಟ್ಟಿಗೆ ಹೋದ. ಕಂಪ್ಯೂಟರ್ ರಾತ್ರಿಯಿಡೀ ಏದುಸಿರು ಬಿಟ್ಟಿತು. ನಡುವೆ ಕರೆಂಟ್ ಹೋಗಿ ಏಳನೇ ಕಂತು ಅರ್ಧಕ್ಕೆ ನಿಂತಿತು. ಎಂಪಿ4ರ ಜಾತಕವೇ ಹಾಗೆ: ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿಯನ್ನು ಅದು ಸಾಮಾನ್ಯವಾಗಿ ಕಟ್ಟಕಡೆಗೆ ಬರೆಯುತ್ತದೆ. ಅಷ್ಟರೊಳಗೆ ನಿಂತರೆ ನೂರಾರು ಎಂಬಿಯ ಫೈಲು ಕಣ್ಣೆದುರೇ ಇರುತ್ತದೆ, ತೆರೆಯುವುದಿಲ್ಲ. ಅದನ್ನು ಮತ್ತೆ ಮಾಡಿಸಿ ಕಾರ್ಡ್ ಕಳಿಸಿದ್ದಾಯಿತು.

ಎರಡು ದಿನಕ್ಕೆ ದೊಡ್ಡಮ್ಮನ ಫೋನು. "ಅಲ್ಲ ಮಾರಾಯ, ತೊಡೆ ಮುರಿದು ಬಿದ್ದ ಕೌರವ ಆಮೇಲೆ ಹಣ್ಣು ಕೊಯ್ಯಲಿಕ್ಕೆ ಮರ ಹತ್ತಿದ್ನಲ್ಲ, ಅದು ಯಾವ ಮೇಳದ ಕ್ರಮ?"

ಟ್ಯಾಬ್ಲೆಟ್ ಫೈಲುಗಳನ್ನು ಓದಿದ್ದು ಅಂಕಿ ಲೆಕ್ಕದಲ್ಲಲ್ಲ, ಅಕ್ಷರದ ಲೆಕ್ಕದಲ್ಲಿ. 1 ಆದ ಮೇಲೆ 10, 11, ಹೀಗೆ 18ರ ತನಕ ಹೋಗಿ ಆಮೇಲೆ 2. ಹದಿನೆಂಟರಲ್ಲಿ ಗದಾಯುದ್ಧ, ಎರಡರಲ್ಲಿ ಬಾಲಕೌರವರು ಮರದ ಮೇಲೆ, ಭೀಮ ಕೆಳಗೆ ನಿಂತು ಅಲುಗಿಸುತ್ತಾನೆ. ಸುಲಿಯುವ ಹೆಂಗಸರು ಮಾತ್ರ ಒಂದೂ ಮಾತಾಡಲಿಲ್ಲವಂತೆ. ಅಷ್ಟು ಸೀರಿಯಲ್ ನೋಡಿದವರಿಗೆ ಸತ್ತವರು ಎದ್ದು ಬರುವುದು ಹೊಸದೇ?

ದೂರು ಅಲ್ಲಿಗೇ ಮುಗಿಯಲಿಲ್ಲ. ಮೂಲ ಫೈಲಿನೊಳಗೆ ಪ್ರಸಾರದ ದಿನ, ಕಂತಿನ ಹೆಸರು, ವೇಷಧಾರಿಗಳ ಪಟ್ಟಿ ಎಲ್ಲ ಇದ್ದವು. ಕನ್ವರ್ಟರ್ ಅವನ್ನು ಗುಡಿಸಿ ಹಾಕಿತ್ತು. ಉಳಿದದ್ದು ಫೈಲು ಹುಟ್ಟಿದ ತಾರೀಖು ಒಂದೇ, ಅದೂ ಕಳೆದ ಭಾನುವಾರದ್ದು. "ಭಾಗವತರು ತೀರಿಕೊಂಡು ಎಷ್ಟು ವರ್ಷ ಆಯ್ತು! ಭಾನುವಾರ ಹಾಡಿದ್ರು ಅಂತ ತೋರಿಸ್ತದಲ್ಲ?" ಎಂದರು ದೊಡ್ಡಮ್ಮ. ನಾನೇ ಹೋಗಿ ಎಬ್ಬಿಸಿ ಕರೆತಂದೆನೇನೋ ಎಂಬ ಹಾಗಿತ್ತು ದನಿ.

ಆಮೇಲೆ ತಿಳಿಯಿತು, ರಾತ್ರಿಯಿಡೀ ನಡೆದ ಆ ಅಗ್ನಿಕಾರ್ಯ ಬೇಕೇ ಇರಲಿಲ್ಲ. ಎಂಕೆವಿ, ಎಂಪಿ4 ಎರಡೂ ಬರೀ ಭರಣಿಗಳು. ಒಳಗಿದ್ದ ಚಿತ್ರ ಎಚ್.264 ಎಂಬ ರೂಪದ್ದು, ಟ್ಯಾಬ್ಲೆಟ್ಟಿಗೆ ಒಗ್ಗುವಂಥದ್ದೇ. ಮಿಡಿ ಉಪ್ಪಿನಕಾಯಿಯನ್ನು ಭರಣಿಯಿಂದ ಬಾಟ್ಲಿಗೆ ತುಂಬಲು ಹೊಸದಾಗಿ ಮಿಡಿ ಕೊಯ್ದು ಉಪ್ಪು ಹಾಕುವವರುಂಟೇ? ಎಫ್‌ಎಫ್‌ಎಂಪೆಗ್ ಎಂಬ ಪುಕ್ಕಟೆ ಸಾಧನಕ್ಕೆ 'ಕಾಪಿ' ಎಂದರೆ ಸಾಕು, ಇದ್ದದ್ದನ್ನು ಇದ್ದ ಹಾಗೆ ಸುರಿಯುತ್ತದೆ. ಕಾಫಿ ಕುಡಿದು ಬರುವುದರೊಳಗೆ ಮುಗಿಯಿತು. ಚಿತ್ರ ಮಸುಕಾಗಲಿಲ್ಲ, ಕಂತಿನ ಹೆಸರು, ತಾರೀಖೂ ಜೊತೆಗೇ ಬಂದವು. ಫೈಲುಗಳಿಗೆ 01, 02 ಎಂದು ಸೊನ್ನೆ ಹಚ್ಚಿದ ಮೇಲೆ ಕೌರವನೂ ಸರಿಯಾದ ವಯಸ್ಸಿನಲ್ಲೇ ಮರ ಹತ್ತಿದ.

ಆದರೆ ಸದ್ದಿಲ್ಲ. ಧ್ವನಿ ಎಸಿ3 ರೂಪದಲ್ಲಿತ್ತು. ಟಿವಿಗಳಿಗೆ ಬರುವ ಆ ಭಾಷೆ ಅಗ್ಗದ ಟ್ಯಾಬ್ಲೆಟ್ಟುಗಳಿಗೆ ಎಷ್ಟೋ ಸಲ ಬರುವುದಿಲ್ಲ. ಭಾಗವತರು ಬಾಯಿ ತೆರೆಯುತ್ತಾರೆ, ಚೆಂಡೆಗೆ ಕೋಲು ಬೀಳುತ್ತದೆ, ಚಪ್ಪರದಡಿ ಅಡಿಕೆ ಸೀಳುವ ಸದ್ದು ಬಿಟ್ಟರೆ ಏನೂ ಇಲ್ಲ. "ತೊಂದರೆ ಎಂತ ಆಗ್ಲಿಲ್ಲ, ಪದ್ಯ ಎಲ್ಲ ನಾನೇ ಹೇಳ್ದೆ," ಎಂದರು ದೊಡ್ಡಮ್ಮ. ಆ ದಿನ ಸುಲಿಯುವವರು ಬೇಗ ಎದ್ದು ಹೋದರು ಅಂತ ದೊಡ್ಡಪ್ಪ ಹಿಂದಿನಿಂದ ಹೇಳಿದ್ದು ನನಗೆ ಕೇಳಿಸಿತು. ಚಿತ್ರ ಮುಟ್ಟದೆ ಧ್ವನಿಯನ್ನಷ್ಟೇ ಟ್ಯಾಬ್ಲೆಟ್ಟಿಗೆ ಬರುವ ಎಎಸಿ ರೂಪಕ್ಕೆ ಬದಲಿಸಿ ಇನ್ನೊಂದು ಕಾರ್ಡ್ ಕಳಿಸಿದೆ.

ಉಳಿದದ್ದು ವೇಷಧಾರಿಗಳ ಪಟ್ಟಿ. ಎಂಕೆವಿಯಲ್ಲಿ ಯಾವ ಹೆಸರಿನ ಖಾನೆ ಬೇಕಾದರೂ ಮಾಡಿಕೊಳ್ಳಬಹುದು. ಎಂಪಿ4ಕ್ಕೆ ತುಂಬುವಾಗ ಅದಕ್ಕೆ ಗುರುತಿರುವ ಖಾನೆಗಳಷ್ಟೇ ದಾಟುತ್ತವೆ. 'ಮದ್ದಳೆ', 'ಸ್ತ್ರೀವೇಷ' ಎಂಬುವು ಅದರ ರಿಜಿಸ್ಟರಿನಲ್ಲಿಲ್ಲ. ನನ್ನ ಕೇಳಿದರೆ ಚಿತ್ರ ಸ್ವಲ್ಪ ಮಂಕಾದರೂ ಅಡ್ಡಿಯಿಲ್ಲ, ಕುಣಿದವರ ಹೆಸರು ಹೋಗಬಾರದು. ಯಾವ ಹೆಸರು ಯಾವ ಕಂತಿಗೆ ಎಂದು ಕೇಳಲು ದೊಡ್ಡಮ್ಮನಿಗೇ ಫೋನು ಮಾಡಿದೆ. ಅವರು ಪಟ್ಟಿ ನೋಡಲಿಲ್ಲ. ಕಂತಿಗೊಂದು ಪದ್ಯದ ಎರಡು ಸಾಲು ಕೇಳಿಸಿಕೊಂಡು ಭಾಗವತರು, ಮದ್ದಳೆಯವರು, ಕೌರವ, ದ್ರೌಪದಿ ಎಲ್ಲರನ್ನೂ ಹೇಳುತ್ತ ಹೋದರು. ನಾನು 'ಕಾಮೆಂಟ್' ಎಂಬ ಖಾನೆಗೆ ತುಂಬುತ್ತ ಹೋದೆ. ಹನ್ನೆರಡನೇ ಕಂತಿಗೆ ಬಂದಾಗ ಸ್ವಲ್ಪ ತಡೆದರು.

"ಅದ್ರಲ್ಲಿ ಹೆಸರು ಒಂದೇ ಬರೀಬೇಕಾ?"

"ಎಂತ ಬೇಕಾದ್ರೂ ಬರೀಬಹುದು ದೊಡ್ಡಮ್ಮ."

"ಹಂಗಾದ್ರೆ ಬರಿ. ಮದ್ದಳೆ ಸಾಲದು. ಕರ್ಣಂಗೆ ಮಾತು ಜಾಸ್ತಿ ಆಯ್ತು."